ಹಾಲನ್ನದಿಂದ ಡ್ರೈ ಫುಡ್‌ಗೆ: ಊಟಕ್ಕೆ ಹಠ ಮಾಡುವ ನಾಯಿಮರಿಯನ್ನು ಒಗ್ಗಿಸುವುದು ಹೇಗೆ?

ಮನೆಗೆ ಬಂದ ನಾಯಿಮರಿಗೆ ಹಾಲನ್ನ ಕಲಸಿಡುವುದು, ಅದು ಬೇಡವೆಂದರೆ ಬಿಸ್ಕತ್ತು ಕೊಡುವುದು, ಬಿಸ್ಕತ್ತನ್ನೂ ಮೂಸಿ ಬಿಟ್ಟರೆ ಬೇಯಿಸಿದ ಕೋಳಿಯ ಚೂರು ಹಾಕುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದುಕೊಂಡು ಬಂದ ರೂಢಿ. ಮರಿ ಚುರುಕಾಗಿ ಓಡಾಡಿಕೊಂಡಿರುವಷ್ಟು ದಿನ ಇದರಲ್ಲಿ ಕೊರತೆಯೇನೂ ಕಾಣಿಸುವುದಿಲ್ಲ. ಆದರೆ ಅನ್ನದಲ್ಲೂ ಮಾಂಸದಲ್ಲೂ ಕ್ಯಾಲ್ಸಿಯಂ ತೀರ ಕಡಿಮೆ. ಮಾಂಸದಲ್ಲಂತೂ ರಂಜಕದ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇವೆರಡನ್ನೇ ತಿಂಗಳುಗಟ್ಟಲೆ ತಿಂದ ಮರಿಯ ದೇಹವು ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟವನ್ನು ಕಾಪಾಡಿಕೊಳ್ಳಲು ತನ್ನ ಮೂಳೆಗಳಿಂದಲೇ ಅದನ್ನು ಸೆಳೆದುಕೊಳ್ಳುತ್ತದೆ. ಕಾಲು ಸೊಟ್ಟಗಾಗುವುದು, ಕುಂಟುವುದು, ಸೋಫಾದಿಂದ ಜಿಗಿದರೂ ಮೂಳೆ ಮುರಿಯುವುದು ಇದರ ಪರಿಣಾಮ. ಹಾಲಿನ ಕಥೆ ಬೇರೆ. ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಮರಿಯ ಕರುಳಿನಲ್ಲಿ ಕಡಿಮೆಯಾಗುತ್ತಾ ಹೋಗುವುದರಿಂದ, ಹಾಲು ಕುಡಿದ ಅನೇಕ ಮರಿಗಳಿಗೆ ಭೇದಿಯಾಗುತ್ತದೆ.

ಬೆಳೆಯುವ ಮರಿಗೆ ಬೇಕಾದುದೆಲ್ಲ ಅಳತೆಯಲ್ಲಿರುವ, ಒಣ ಕಾಳುಗಳ ರೂಪದಲ್ಲಿ ಚೀಲದಲ್ಲಿ ಸಿಗುವ ಒಳ್ಳೆಯ ಡ್ರೈ ಫುಡ್‌ಗೆ ಬದಲಾಯಿಸುವುದು ಬಹುಪಾಲು ಮನೆಗಳಿಗೆ ಸಾಧ್ಯವಾಗುವ ಪರಿಹಾರ. ಮಾಂಸ ಬೇಯಿಸದ ಮನೆಗಳಿಗೆ ಇದು ಅನುಕೂಲವೂ ಹೌದು. ತೊಡಕು ಬರುವುದು ಮರಿಯ ಹಠದಿಂದ. ಆರೋಗ್ಯವಾಗಿರುವ ಮರಿ ಈ ಹಠವನ್ನು ಬಹುಮಟ್ಟಿಗೆ ಮನೆಯವರಿಂದಲೇ ಕಲಿಯುತ್ತದೆ ಎಂಬುದನ್ನು ಮೊದಲು ಒಪ್ಪಿಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ. ಬಟ್ಟಲಿನಿಂದ ಮುಖ ತಿರುಗಿಸಿದ ಪ್ರತಿ ಸಲವೂ ಇನ್ನೂ ರುಚಿಯಾದ ಏನಾದರೊಂದು ಸಿಕ್ಕಿದ್ದರೆ, ಮುಖ ತಿರುಗಿಸುವುದೇ ಲಾಭವೆಂದು ಮರಿ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಬದಲಾಗಬೇಕಾದದ್ದು ಬಟ್ಟಲಿನ ಆಹಾರದಷ್ಟೇ ಅದನ್ನು ಇಡುವ ಕೈಗಳ ಅಭ್ಯಾಸ.

ಮೊದಲು ಆರೋಗ್ಯ

ತಿನ್ನದಿರುವುದೆಲ್ಲ ಹಠವಲ್ಲ. ಜಂತುಹುಳು, ಜ್ವರ, ಬಾಯಿ ಹುಣ್ಣು, ಏನನ್ನಾದರೂ ನುಂಗಿರುವುದು, ಹೀಗೆ ಹಲವು ಕಾರಣಗಳಿಂದ ಮರಿ ಊಟ ಬಿಡುತ್ತದೆ. ಹಠಮಾರಿ ಮರಿ ಅನ್ನವನ್ನು ಬಿಟ್ಟರೂ ಕೋಳಿಯ ಚೂರಿಗೆ ಬಾಲ ಆಡಿಸುತ್ತದೆ, ಆಟಕ್ಕೆ ಬರುತ್ತದೆ. ಕಾಯಿಲೆಯ ಮರಿಗೆ ಇಷ್ಟದ ತಿಂಡಿಯೂ ಬೇಡ, ಆಟವೂ ಬೇಡ. ವಾಂತಿ, ರಕ್ತ ಬೆರೆತ ದುರ್ವಾಸನೆಯ ಭೇದಿ ಮತ್ತು ಮಂಕು ಒಟ್ಟಿಗೆ ಕಂಡರೆ ಅದು ಮರಿಗಳ ಜೀವಕ್ಕೇ ಎರವಾಗುವ ಪಾರ್ವೊ ಎಂಬ ವೈರಸ್ ಕಾಯಿಲೆ ಇರಬಹುದು. ಆಗ ಆಹಾರದ ಯೋಚನೆ ಬಿಟ್ಟು ಅದೇ ಗಂಟೆಯಲ್ಲಿ ಪಶುವೈದ್ಯರ ಬಳಿ ಹೋಗಬೇಕು. ಹತ್ತಿರದಲ್ಲಿ ವೈದ್ಯರಿಲ್ಲದವರಿಗೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ ಮತ್ತು ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಬದಲಾವಣೆಗೆ ದಿನವನ್ನೂ ನೋಡಿಕೊಳ್ಳಬೇಕು. ಮರಿ ಮನೆಗೆ ಬಂದು ವಾರವೂ ಆಗಿರದಿದ್ದರೆ, ಅದು ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಕೆಲವು ದಿನ ಮುಂದುವರಿಸುವುದು ಒಳ್ಳೆಯದು. ತಾಯಿಯನ್ನು ಬಿಟ್ಟುಬಂದ ಮರಿಗೆ ಜಾಗ, ಜನ, ಊಟ ಮೂರೂ ಒಮ್ಮೆಗೇ ಹೊಸದಾಗಬಾರದು. ಲಸಿಕೆ ಹಾಕಿಸಿದ ದಿನ, ಜಂತುಹುಳುವಿನ ಔಷಧ ಕೊಟ್ಟ ದಿನ, ಮನೆಯಲ್ಲಿ ಮದುವೆಯೋ ಹಬ್ಬವೋ ಇದ್ದು ನೆಂಟರು ತುಂಬಿರುವ ದಿನಗಳಲ್ಲಿ ಆರಂಭಿಸುವುದು ಬೇಡ.

ಚೀಲದ ಮೇಲೆ ಏನನ್ನು ಓದಬೇಕು?

ಅಂಗಡಿಯಲ್ಲಿ ಚೀಲದ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗವನ್ನು ಓದಬೇಕು. ಅದು ಬೆಳೆಯುವ ಮರಿಗಳಿಗೆ ಸಂಪೂರ್ಣ ಹಾಗೂ ಸಮತೋಲಿತ ಆಹಾರ ಎಂದು ಸ್ಪಷ್ಟವಾಗಿ ಬರೆದಿರಬೇಕು. ಪೂರಕ ಆಹಾರ ಎಂದಿದ್ದರೆ ಅದನ್ನೇ ಊಟವಾಗಿ ಕೊಡುವಂತಿಲ್ಲ. ಪಶು ಆಹಾರದ ಗುಣಮಟ್ಟಕ್ಕೆ ಮಾದರಿ ನಿಯಮ ರೂಪಿಸುವ ಅಮೆರಿಕದ ಸಂಸ್ಥೆ ಆಫ್ಕೋದ (AAFCO) ಮಾನದಂಡದ ಪ್ರಕಾರ, ನೀರಿನ ಅಂಶವನ್ನು ಕಳೆದ ಲೆಕ್ಕದಲ್ಲಿ, ಮರಿಗಳ ಆಹಾರದಲ್ಲಿ ಪ್ರೋಟೀನ್ ಶೇ 22.5ಕ್ಕೆ, ಕೊಬ್ಬು ಶೇ 8.5ಕ್ಕೆ, ಕ್ಯಾಲ್ಸಿಯಂ ಶೇ 1.2ಕ್ಕೆ ಕಡಿಮೆ ಇರಬಾರದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ನಂತಹ ದೊಡ್ಡ ತಳಿಗಳ ಮರಿಗಳಿಗೆ ಗರಿಷ್ಠ ಮಿತಿಯೂ ಅಷ್ಟೇ ಮುಖ್ಯ: ಅವುಗಳ ಆಹಾರದಲ್ಲಿ ಕ್ಯಾಲ್ಸಿಯಂ ಶೇ 1.8 ಮೀರಬಾರದು. ಹಾಗಾಗಿ ಇಂತಹ ಆಹಾರ ಆರಂಭಿಸಿದ ಮೇಲೂ ಕ್ಯಾಲ್ಸಿಯಂ ಸಿರಪ್ ಮುಂದುವರಿಸುವುದು ಮರಿಯ ಕೀಲು ಮತ್ತು ಮೂಳೆಗಳಿಗೆ ಹಾನಿಯನ್ನೇ ಮಾಡುತ್ತದೆ. ಮೊದಲೇ ಕೊಡುತ್ತಿದ್ದರೆ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು.

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ. ಮಾಂಸದ ಹೆಸರು ಮೊದಲಿದೆ ಎಂದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ, ಏಕೆಂದರೆ ಹಸಿ ಕೋಳಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಹಾಗೆಯೇ ಧಾನ್ಯ ಕಂಡ ಕೂಡಲೇ ಚೀಲವನ್ನು ಕೆಳಗಿಡಬೇಕಾಗಿಯೂ ಇಲ್ಲ. ಬೆಂದ ಅಕ್ಕಿ, ಜೋಳಗಳ ಪಿಷ್ಟವನ್ನು ನಾಯಿಗಳು ಚೆನ್ನಾಗಿ ಅರಗಿಸಿಕೊಳ್ಳುತ್ತವೆ. ಸಸ್ಯಾಹಾರಿ ಡ್ರೈ ಫುಡ್ ಕೂಡ ಸಿಗುತ್ತದೆ, ಆದರೆ ಬೆಳೆಯುವ ವಯಸ್ಸಿನಲ್ಲಿ ಅದನ್ನೇ ಕೊಡುವುದಾದರೆ ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು.

ಮೊದಲ ಸಲ ಸಣ್ಣ ಚೀಲವನ್ನೇ ತನ್ನಿ. ಅಗ್ಗವೆಂದು ಲೂಸ್ ಆಗಿ ತೂಗಿ ಕೊಡುವುದನ್ನು ಕೊಳ್ಳುವುದು ಬೇಡ. ಅದನ್ನು ಯಾವಾಗ ತಯಾರಿಸಿದರು, ಚೀಲ ಯಾವಾಗ ತೆರೆದರು ಎಂಬುದು ತಿಳಿಯುವುದಿಲ್ಲ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಚೀಲದೊಳಗೆ ತೇವ ಹೊಕ್ಕರೆ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟುಗಳ ವಿಷ ಯಕೃತ್ತನ್ನೇ ಕೆಡಿಸುತ್ತದೆ. ಚೀಲದ ಬಾಯಿ ಸುತ್ತಿ, ಚೀಲವನ್ನು ಹಾಗೆಯೇ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬಣ್ಣ ಅಥವಾ ವಾಸನೆ ಬದಲಾಗಿದ್ದರೆ ಮರಿಯ ಹಠವೇ ಸರಿ; ಆ ಆಹಾರವನ್ನು ಎಸೆಯಬೇಕು.

ಪ್ರಮಾಣದ ಲೆಕ್ಕ

ಹೆಚ್ಚಿನ ಪ್ರಯತ್ನಗಳು ಮುಗ್ಗರಿಸುವುದು ಇಲ್ಲಿಯೇ ಆದ್ದರಿಂದ ಇದನ್ನು ತುಸು ವಿವರವಾಗಿ ನೋಡೋಣ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕಿಲೋ ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಡ್ರೈ ಫುಡ್‌ನಲ್ಲಿ 350ರಿಂದ 400ರಷ್ಟು ಇರುತ್ತದೆ. ಅನ್ನ ತಿನ್ನುತ್ತಿದ್ದ ಮರಿಗೆ ಆ ಅನ್ನದಷ್ಟೇ ತೂಕದ ಡ್ರೈ ಫುಡ್ ಹಾಕಿದರೆ ಅದು ಸುಮಾರು ಮೂರು ಪಟ್ಟು ಊಟವಾಗುತ್ತದೆ. ಮರಿ ಮೂರನೆಯ ಒಂದು ಭಾಗ ತಿಂದು, ಹೊಟ್ಟೆ ತುಂಬಿ, ಉಳಿದುದನ್ನು ಬಿಟ್ಟುಹೋಗುತ್ತದೆ. ಅದು ತಿನ್ನಲೇ ಇಲ್ಲವೆಂದು ಮನೆಯವರು ಗಾಬರಿಯಾಗಿ ಮೇಲೆ ಹಾಲು ಸುರಿಯುತ್ತಾರೆ. ಹಠವೇ ಇಲ್ಲದ ಮರಿಗೆ ಹಠ ಕಲಿಸುವುದು ಹೀಗೆ.

ತೂಕದಿಂದ ಲೆಕ್ಕ ಹಾಕಿದರೆ ಈ ಗೊಂದಲವಿರುವುದಿಲ್ಲ. ನಾಲ್ಕು ತಿಂಗಳೊಳಗಿನ, 5 ಕಿಲೋ ತೂಕದ ಮರಿಗೆ ದಿನಕ್ಕೆ ಸುಮಾರು 700 ಕಿಲೋ ಕ್ಯಾಲೊರಿ ಬೇಕು. ಚೀಲದ ಮೇಲೆ 100 ಗ್ರಾಂಗೆ 370 ಕಿಲೋ ಕ್ಯಾಲೊರಿ ಎಂದಿದ್ದರೆ, ಇಡೀ ದಿನಕ್ಕೆ 190 ಗ್ರಾಂ ಸಾಕು. ಇದು ಆರಂಭದ ಅಂದಾಜು ಮಾತ್ರ. ಚೀಲದ ಮೇಲೆ ಮುದ್ರಿಸಿದ ಕೋಷ್ಟಕವೂ ಅಷ್ಟೇ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಬೆಳಿಗ್ಗೆಯೇ ಇಡೀ ದಿನದ್ದನ್ನು ತೂಗಿ ಒಂದು ಡಬ್ಬಿಗೆ ಹಾಕಿಟ್ಟರೆ, ಯಾರು ಎಷ್ಟು ಹಾಕಿದರು ಎಂಬ ಚರ್ಚೆಯೇ ಬರುವುದಿಲ್ಲ. ಎರಡರಿಂದ ಮೂರು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ ಕೊಡುವುದು ಸಾಮಾನ್ಯ ಪದ್ಧತಿ.

ದಿನದಿಂದ ದಿನಕ್ಕೆ

ಹೊಸ ಆಹಾರವನ್ನು ಬಟ್ಟಲಿಗೆ ಹಾಕುವ ಮೊದಲು, ಒಂದೆರಡು ದಿನ ಅದರ ಒಂದೊಂದೇ ಕಾಳನ್ನು ಕೈಯಿಂದ ಬಹುಮಾನವಾಗಿ ಕೊಡಿ. ಕರೆದಾಗ ಓಡಿಬಂದರೆ ಒಂದು, ಕೂತರೆ ಒಂದು. ಮರಿಗೆ ಹೊಸ ವಾಸನೆ ಆಟದ ಜೊತೆಗೇ ಪರಿಚಯವಾಗಲಿ.

ಮೊದಲ ಮೂರು ದಿನ ಹೊಸ ಆಹಾರ ಕಾಲು ಭಾಗ, ಹಳೆಯದು ಮುಕ್ಕಾಲು ಭಾಗ. ಮೇಲಿನ ಲೆಕ್ಕದಲ್ಲಿ ದಿನಕ್ಕೆ 48 ಗ್ರಾಂ ಡ್ರೈ ಫುಡ್, ಅಂದರೆ ಮೂರು ಊಟವಾದರೆ ಒಂದೊಂದಕ್ಕೆ 16 ಗ್ರಾಂ. ಮರಿ ತಿನ್ನುತ್ತಿದ್ದ ಅನ್ನದಲ್ಲಿ ಕಾಲು ಭಾಗವನ್ನು ತೆಗೆಯಬೇಕು. ಕಾಳುಗಳನ್ನು ಹಾಗೆಯೇ ಬೆರೆಸಿದರೆ ಜಾಣ ಮರಿ ಅನ್ನವನ್ನೆಲ್ಲ ನೆಕ್ಕಿ, ಕಾಳುಗಳನ್ನು ಆರಿಸಿ ಬಟ್ಟಲಿನ ಪಕ್ಕಕ್ಕೆ ಉಗುಳುತ್ತದೆ. ಅದಕ್ಕಾಗಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಕಿವುಚಿ, ಬೇರ್ಪಡಿಸಲು ಆಗದಂತೆ ಕಲಸಬೇಕು. ಬೆಚ್ಚಗಿನ ನೀರಿಗೆ ಇನ್ನೊಂದು ಗುಣವಿದೆ: ಅದು ವಾಸನೆಯನ್ನು ಏಳಿಸುತ್ತದೆ. ನಾಯಿಗಳು ನಾಲಿಗೆಗಿಂತ ಹೆಚ್ಚಾಗಿ ಮೂಗಿನಿಂದಲೇ ಊಟವನ್ನು ಒಪ್ಪುತ್ತವೆ.

ನಾಲ್ಕರಿಂದ ಆರನೆಯ ದಿನದವರೆಗೆ ಅರ್ಧ ಅರ್ಧ, ಏಳರಿಂದ ಒಂಬತ್ತರವರೆಗೆ ಹೊಸದು ಮುಕ್ಕಾಲು, ಹತ್ತನೆಯ ದಿನದಿಂದ ಪೂರ್ತಿ ಹೊಸದು. ತುಂಬಾ ಹಠದ ಮರಿಯಾದರೆ ಇದನ್ನು ಎರಡು ಮೂರು ವಾರಗಳಿಗೆ ಎಳೆದರೂ ನಷ್ಟವಿಲ್ಲ. ಒಂದು ಡ್ರೈ ಫುಡ್‌ನಿಂದ ಇನ್ನೊಂದಕ್ಕೆ ಬದಲಿಸುವವರಿಗೂ ಇದೇ ಕ್ರಮ. ಎರಡನ್ನೂ ಒಟ್ಟಿಗೇ ನೆನೆಸಿದರೆ ವಾಸನೆ ಒಂದಾಗುತ್ತದೆ. ಹಾಲನ್ನಕ್ಕೆ ಒಗ್ಗಿದ ಮರಿಗೆ ಊಟದಿಂದಲೇ ನೀರು ಸಿಗುತ್ತಿತ್ತು. ಡ್ರೈ ಫುಡ್‌ನಲ್ಲಿ ನೀರು ಶೇ 10ರಷ್ಟು ಮಾತ್ರ. ಶುದ್ಧ ನೀರಿನ ಬಟ್ಟಲು ಯಾವಾಗಲೂ ಪಕ್ಕದಲ್ಲಿರಬೇಕು.

ರುಚಿಗೆ ಏನಾದರೂ ಸೇರಿಸಲೇಬೇಕೆಂದರೆ ಬೇಯಿಸಿದ ಕೋಳಿಯ ಸಪ್ಪೆ ನೀರು ಒಂದು ಚಮಚ, ಇಲ್ಲವೇ ಸಪ್ಪೆ ಮೊಸರು ಒಂದು ಚಮಚ ಸಾಕು. ಮನೆಯ ಸಾರು, ಗ್ರೇವಿ ಬೇಡವೇ ಬೇಡ. ಅದರಲ್ಲಿನ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಹೀಗೆ ಸೇರಿಸುವುದಕ್ಕೆ ಇರುವ ಒಂದೇ ನಿಯಮವನ್ನು ಎಂದೂ ಮುರಿಯಬಾರದು: ಸೇರಿಸುವುದಾದರೆ ಬಟ್ಟಲನ್ನು ಕೆಳಗಿಡುವ ಮೊದಲೇ ಸೇರಿಸಬೇಕು. ಮರಿ ಬೇಡವೆಂದ ಮೇಲೆ ಸುರಿದ ಒಂದು ಚಮಚ ಸಾರನೀರು, ಬೇಡವೆಂದದ್ದಕ್ಕೆ ಕೊಟ್ಟ ಕೂಲಿಯಾಗುತ್ತದೆ. ಮೊದಲೇ ಬೆರೆಸಿದ್ದನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಂದರೆ ಮರಿಗೆ ಅದು ಗೊತ್ತೂ ಆಗುವುದಿಲ್ಲ.

ಬಟ್ಟಲನ್ನು ನಿಗದಿತ ಹೊತ್ತಿಗೆ ಇಟ್ಟು, ಸುಮಾರು ಇಪ್ಪತ್ತು ನಿಮಿಷ ಬಿಟ್ಟು, ಉಳಿದುದನ್ನು ಬೈಯದೆ, ರಮಿಸದೆ ಎತ್ತಿಡಬೇಕು. ನೆನೆಸಿದ್ದನ್ನು ಮುಂದಿನ ಊಟಕ್ಕೆ ಇಟ್ಟುಕೊಳ್ಳಬಾರದು, ನಮ್ಮ ಸೆಕೆಗೆ ಅದು ಬೇಗ ಹುಳಿಯುತ್ತದೆ. ಮುಂದಿನ ಊಟದವರೆಗೆ ಬಿಸ್ಕತ್ತು, ಚಪಾತಿಯ ಚೂರು ಯಾವುದೂ ಸಿಗಬಾರದು. ಈ ಒಪ್ಪಂದಕ್ಕೆ ಮನೆಯವರೆಲ್ಲರೂ ಬರಬೇಕು. ಊಟದ ಮೇಜಿನ ಕೆಳಗೆ ಮಗು ಬೀಳಿಸುವ ಇಡ್ಲಿ, ಅಜ್ಜಿ ಕರುಣೆಯಿಂದ ಕೊಡುವ ಹಾಲು, ಮನೆಗೆಲಸದವರು ಪ್ರೀತಿಯಿಂದ ಹಾಕುವ ಬನ್ನು ಇವೆಲ್ಲವೂ ಮರಿಯ ಲೆಕ್ಕದಲ್ಲಿ ಊಟವೇ. ಅಜ್ಜಿಗೆ ಕೊಡಬೇಡಿ ಎನ್ನುವುದಕ್ಕಿಂತ, ತೂಗಿಟ್ಟ ಡಬ್ಬಿಯನ್ನೇ ಅವರ ಕೈಗೆ ಕೊಟ್ಟು ಮಧ್ಯಾಹ್ನದ ಊಟದ ಹೊಣೆಯನ್ನು ಅವರಿಗೆ ವಹಿಸುವುದು ಮೇಲು.

ಆದರೆ ಹಸಿವಿನಿಂದ ಮಣಿಸುವುದಕ್ಕೂ ಮಿತಿಯಿದೆ. ಮೂರು ತಿಂಗಳೊಳಗಿನ ಮರಿಗಳು, ಹಾಗೆಯೇ ಪಾಮೆರೇನಿಯನ್, ಶಿಹ್ ಟ್ಸುನಂತಹ ಚಿಕ್ಕ ತಳಿಯ ಮರಿಗಳು ಹೆಚ್ಚು ಹೊತ್ತು ಉಪವಾಸವಿದ್ದರೆ ರಕ್ತದ ಸಕ್ಕರೆ ಇಳಿದು ತೂರಾಡುತ್ತವೆ, ನಡುಗುತ್ತವೆ, ಪ್ರಜ್ಞೆಯೂ ತಪ್ಪಬಹುದು. ಇಂತಹ ಮರಿ ಎರಡು ಊಟಗಳನ್ನು ಸತತವಾಗಿ ಬಿಟ್ಟರೆ ಹಿಂದಿನ ಹಂತದ ಮಿಶ್ರಣವನ್ನು ಕೊಟ್ಟು ತಿನ್ನಿಸಬೇಕು. ಅದನ್ನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಬೇಕು.

ಬದಲಾವಣೆ ಒಗ್ಗುತ್ತಿದೆಯೇ?

ಉತ್ತರ ಮಲದಲ್ಲಿರುತ್ತದೆ. ಆಕಾರವಿದ್ದು, ಎತ್ತಿದರೆ ನೆಲಕ್ಕೆ ಹೆಚ್ಚು ಅಂಟದಂತಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಸ್ವಲ್ಪ ಮೆತ್ತಗಾದರೆ ಅದೇ ಪ್ರಮಾಣದಲ್ಲಿ ಎರಡು ದಿನ ನಿಲ್ಲಬೇಕು. ನೀರಾದರೆ ಒಂದು ಹಂತ ಹಿಂದೆ ಹೋಗಬೇಕು, ಒಂದು ದಿನದಲ್ಲಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ವಾರಕ್ಕೊಮ್ಮೆ ಮರಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಡಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಮುಧೋಳ ತಳಿಯ ಮರಿಗಳು ಹುಟ್ಟಾ ತೆಳ್ಳಗಿನವು. ಪಕ್ಕೆಲುಬು ತುಸು ಕಂಡಿತೆಂದು ಅವುಗಳನ್ನು ಲ್ಯಾಬ್ರಡಾರ್‌ನಂತೆ ದುಂಡಗೆ ಮಾಡಲು ಹೋಗಬಾರದು.

ಎಲ್ಲವೂ ಸರಿಹೋದ ಮೇಲೆ, ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿ ಮರಿ ಮತ್ತೆ ಬಟ್ಟಲಿನಿಂದ ಹಿಂದೆ ಸರಿಯಬಹುದು. ಆಗ ಅದರ 28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಮೂಡತೊಡಗಿರುತ್ತವೆ; ವಸಡು ನೋಯುವುದರಿಂದ ಗಟ್ಟಿ ಕಾಳು ಕಡಿಯಲಾಗದು. ಇದನ್ನು ಹಠವೆಂದು ತಿಳಿದು ಹಾಲನ್ನಕ್ಕೆ ಮರಳಬೇಕಿಲ್ಲ, ಆಹಾರ ಬದಲಿಸಬೇಕಾಗಿಯೂ ಇಲ್ಲ. ಅದೇ ಡ್ರೈ ಫುಡ್ಡನ್ನು ಮೊದಲಿನಂತೆ ಬೆಚ್ಚನೆಯ ನೀರಿನಲ್ಲಿ ನೆನೆಸಿ ಕೊಟ್ಟು, ಆರೇಳು ತಿಂಗಳಿಗೆ ಹಲ್ಲು ಪೂರ್ತಿ ಬಂದ ಮೇಲೆ ನೀರನ್ನು ದಿನಕ್ಕೊಂದಿಷ್ಟು ಕಡಿಮೆ ಮಾಡುತ್ತಾ ಬಂದರೆ ಸಾಕು.