ಹಾಸ್ಟೆಲಿನ ಕಜ್ಜಿ: ಎಲ್ಲರಿಗೂ ಒಂದೇ ರಾತ್ರಿ ಮದ್ದು ಹಚ್ಚಿದ ಅನುಭವ

ನಾನು ವೈದ್ಯಾಧಿಕಾರಿಯಾಗಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಸುಮಾರು 200 ಮಕ್ಕಳಿರುವ ವಸತಿ ಶಾಲೆಯೊಂದಿದೆ. ಅಲ್ಲಿಂದ ಮೈ ಕೆರೆದುಕೊಳ್ಳುತ್ತಾ ಬರುವ ಮಕ್ಕಳಿಗೆ ಒಬ್ಬೊಬ್ಬರಿಗಾಗಿ ಮುಲಾಮು ಕೊಟ್ಟು ಕಳುಹಿಸುವುದು ನಾನು ಬರುವುದಕ್ಕೆ ಮೊದಲಿನಿಂದಲೂ ನಡೆದುಬಂದ ಪದ್ಧತಿಯಾಗಿತ್ತು. ಮುಲಾಮು ಹಚ್ಚಿದ ಮಗು ಗುಣವಾಗುತ್ತಿತ್ತು, ಆದರೆ ಕಜ್ಜಿ ಹಾಸ್ಟೆಲು ಬಿಟ್ಟು ಹೋಗುತ್ತಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಅದೇ ಮಗು ಅದೇ ಬೆರಳ ಸಂದುಗಳನ್ನು ತೋರಿಸಿಕೊಂಡು ಮತ್ತೆ ಬರುತ್ತಿತ್ತು. ಇಂಥ ಕಡೆ ಚಿಕಿತ್ಸೆ ಬೇಕಾಗಿರುವುದು ಒಬ್ಬ ಹುಡುಗನಿಗಲ್ಲ, ಇಡೀ ಹಾಸ್ಟೆಲಿಗೆ ಎಂದು ನಾವು ತೀರ್ಮಾನಿಸಿದ್ದು ಹೀಗೆ.

ಕಜ್ಜಿಯನ್ನು ತರುವುದು ಸಾರ್ಕಾಪ್ಟಿಸ್ ಎಂಬ, ಕಣ್ಣಿಗೆ ಕಾಣಿಸದಷ್ಟು ಸಣ್ಣ ನುಸಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಸಾಮಾನ್ಯ ರೋಗಿಯ ಇಡೀ ಮೈಯಲ್ಲಿ ಇರುವುದು ಹತ್ತು ಹದಿನೈದು ನುಸಿಗಳು ಮಾತ್ರ. ಅಷ್ಟು ತುರಿಕೆಗೆ ಕಾರಣ ನುಸಿಯ ಸಂಖ್ಯೆಯಲ್ಲ, ಅದಕ್ಕೆ ನಮ್ಮ ದೇಹ ತೋರುವ ಅಲರ್ಜಿ. ಆ ಅಲರ್ಜಿ ಹುಟ್ಟಲು ಮೊದಲ ಸಲ ನುಸಿ ಹತ್ತಿದವರಲ್ಲಿ 4ರಿಂದ 6 ವಾರ ಹಿಡಿಯುತ್ತದೆ. ಹಾಸ್ಟೆಲಿನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಇಲ್ಲೇ ಇದೆ: ಇಂದು ತುರಿಕೆಯೇ ಇಲ್ಲದೆ ಆಡಿಕೊಂಡಿರುವ ಮಗು ಒಂದು ತಿಂಗಳಿಂದ ಪಕ್ಕದವನಿಗೆ ನುಸಿ ದಾಟಿಸುತ್ತಿರಬಹುದು.

ದಾಟುವುದು ಮುಖ್ಯವಾಗಿ ಚರ್ಮಕ್ಕೆ ಚರ್ಮ ಸ್ವಲ್ಪ ಹೊತ್ತು ತಾಗಿಕೊಂಡಿದ್ದಾಗ. ಸುಮ್ಮನೆ ಕೈ ಕುಲುಕಿದ ಮಾತ್ರಕ್ಕೆ ದಾಟುವುದು ಅಪರೂಪ. ಹಾಗಾದರೆ ಶಾಲೆಯಲ್ಲಿ ಆ ತಾಗುವಿಕೆ ಎಲ್ಲಿ ನಡೆಯುತ್ತದೆ ಎಂದು ತಿಳಿಯಲು ನಾನೂ ನಮ್ಮ ಸ್ಟಾಫ್ ನರ್ಸ್ ಕೂಡ ರಾತ್ರಿ ಊಟವಾದ ಮೇಲೆ ಮಲಗುವ ಕೋಣೆಗಳಿಗೆ ಹೋದೆವು. ಫ್ಯಾನು ತಿರುಗುವ ಕಡೆಗೆ ಮಂಚಗಳನ್ನೆಲ್ಲ ಒತ್ತರಿಸಿಕೊಂಡು, ಎರಡು ಮಂಚಕ್ಕೆ ಮೂವರಂತೆ ಮಕ್ಕಳು ಮಲಗಿದ್ದರು. ತುಂಬು ತೋಳಿನ ಅಂಗಿ ತೊಟ್ಟಿದ್ದ ಹುಡುಗನೊಬ್ಬನ ಮಣಿಕಟ್ಟಿನ ಮೇಲೆ ಪೆನ್ನಿನ ಶಾಯಿ ಸವರಿ, ಸ್ಪಿರಿಟ್ ಹತ್ತಿಯಿಂದ ಒರೆಸಿದಾಗ, ಉಳಿದೆಡೆ ಶಾಯಿ ಅಳಿಸಿಹೋಗಿ, ಅರ್ಧ ಸೆಂಟಿಮೀಟರಿನಷ್ಟು ಉದ್ದದ ಸೊಟ್ಟ ಗೆರೆಯೊಂದು ನೀಲಿಯಾಗಿ ನಿಂತಿತು. ಅದು ನುಸಿಯ ಬಿಲ. ವಾರ್ಡನ್ನರನ್ನು ಕರೆದು ತೋರಿಸಿದೆ. ಅಲ್ಲಿಯತನಕ ಅವರು ಇದನ್ನು ಸ್ನಾನ ಮಾಡದ ಮಕ್ಕಳ ಕೊಳಕು ಎಂದೇ ಗದರಿಸುತ್ತಿದ್ದರು. ಗದರಿಕೆಗೆ ಹೆದರಿ ಮಕ್ಕಳು ಬಚ್ಚಿಡುತ್ತಿದ್ದರು, ಕೆಲವರು ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಬೆರೆತ ಕ್ರೀಮು ತಂದು ಹಚ್ಚಿಕೊಳ್ಳುತ್ತಿದ್ದರು. ಅಂಥ ಕ್ರೀಮು ತುರಿಕೆಯನ್ನು ತಗ್ಗಿಸಿ ನುಸಿಯನ್ನು ಹಾಗೆಯೇ ಬೆಳೆಯಗೊಡುತ್ತದೆ. ಕಜ್ಜಿಯ ರೂಪವೇ ಬದಲಾಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ.

ಮದ್ದಿಗೆ ನಾವು ಆರಿಸಿಕೊಂಡದ್ದು ಶನಿವಾರದ ರಾತ್ರಿ, ಏಕೆಂದರೆ ಭಾನುವಾರ ಬೆಳಿಗ್ಗೆ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಸಮಯವಿರುತ್ತದೆ. ಶೇ. 5ರ ಪರ್ಮೆಥ್ರಿನ್ ಕ್ರೀಮು ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ ಬೇಕಾಗುತ್ತದೆ. ತುರಿಸುವ ಜಾಗಕ್ಕೆ ಮಾತ್ರ ಹಚ್ಚಿದರೆ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ, ಹೊಕ್ಕುಳು, ತೊಡೆಸಂದು, ಉಗುರಿನ ಅಡಿ, ಯಾವುದನ್ನೂ ಬಿಡದೆ ಸವರಿ 8ರಿಂದ 14 ಗಂಟೆ ಮೈಮೇಲೆ ಇರಬೇಕು. ಕೈ ತೊಳೆದುಕೊಂಡವರು ಕೈಗೆ ಮತ್ತೆ ಹಚ್ಚಿಕೊಳ್ಳಬೇಕು, ಊಟ ಮುಗಿದ ಮೇಲೆಯೇ ಶುರು ಮಾಡಿದ್ದು ಇದೇ ಕಾರಣಕ್ಕೆ. ಬೆನ್ನಿಗೆ ಒಬ್ಬರಿಗೊಬ್ಬರು ಹಚ್ಚಲು ಜೋಡಿ ಮಾಡಿದೆವು. ಹುಡುಗಿಯರ ಕೋಣೆಗಳನ್ನು ನರ್ಸ್ ಮತ್ತು ಆಶಾ ಕಾರ್ಯಕರ್ತೆಯರು ನೋಡಿಕೊಂಡರು.

"ಸಾರ್, ತುರಿಕೆ ಇಲ್ಲದವರಿಗೂ ಹಚ್ಚಿ ಮದ್ದು ಯಾಕೆ ದಂಡ ಮಾಡ್ತೀರಿ?" ಎಂದು ವಾರ್ಡನ್ ಕೇಳಿದರು. ನ್ಯಾಯವಾದ ಪ್ರಶ್ನೆಯೇ, ಸರಕಾರಿ ಔಷಧ ದಾಸ್ತಾನಿನ ಲೆಕ್ಕ ಒಪ್ಪಿಸುವವನಿಗೆ ಅದರ ತೂಕ ಗೊತ್ತು. ನಾನು ಅವರಿಗೆ ಫಿಜಿ ದ್ವೀಪಗಳಲ್ಲಿ 2012ರಲ್ಲಿ ಆರಂಭವಾದ ಪ್ರಯೋಗದ ವಿಷಯ ಹೇಳಿದೆ. ರೋಗಿಗಳಿಗೂ ಅವರ ಹತ್ತಿರದವರಿಗೂ ಮಾತ್ರ ಮುಲಾಮು ಕೊಟ್ಟ ಕಡೆ ಒಂದು ವರ್ಷದ ನಂತರ ಕಜ್ಜಿ ಸುಮಾರು ಅರ್ಧಕ್ಕೆ ಇಳಿದರೆ, ಎಲ್ಲರಿಗೂ ನುಸಿ ಕೊಲ್ಲುವ ಐವರ್ಮೆಕ್ಟಿನ್ ಮಾತ್ರೆ ಕೊಟ್ಟ ಕಡೆ ಶೇ. 32ರಷ್ಟಿದ್ದದ್ದು ಶೇ. 2ಕ್ಕಿಂತ ಕೆಳಗೆ ಬಂದಿತ್ತು. ಕೊನೆಗೆ ವಾರ್ಡನ್ನರೂ ಅಡುಗೆಯವರೂ ಕಾವಲುಗಾರನ ಮನೆಮಂದಿಯೂ ಅಂದೇ ರಾತ್ರಿ ಮದ್ದು ಹಚ್ಚಿಕೊಂಡರು. ಇವರನ್ನು ಬಿಟ್ಟಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಬಟ್ಟೆಬರೆಯ ಬಗ್ಗೆ ಅತಿಯಾದ ಭಯ ಬೇಡ. ಮೈ ಬಿಟ್ಟ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹೊದಿಕೆ, ಟವೆಲು, ಒಳಉಡುಪುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿಸಿದೆವು. ಒಗೆಯಲಾಗದ ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬುಧವಾರದವರೆಗೆ ಮುಟ್ಟದಂತೆ ಇಟ್ಟೆವು.

ಒಂದು ವಾರದ ನಂತರ ಎರಡನೆಯ ಸಲ ಹಚ್ಚಿದೆವು. ಈ ನಡುವೆ ಮಕ್ಕಳ ತುರಿಕೆ ನಿಂತಿರಲಿಲ್ಲ, ಮದ್ದು ಹತ್ತಲಿಲ್ಲವೆಂದು ದೂರವಾಣಿ ಕರೆಗಳು ಬಂದವು. ಸತ್ತ ನುಸಿಯ ಅಂಶಗಳು ಚರ್ಮದಲ್ಲಿ ಇರುವವರೆಗೆ ಅಲರ್ಜಿಯೂ ಇರುತ್ತದೆ, ಎರಡರಿಂದ ನಾಲ್ಕು ವಾರ ತುರಿಸಬಹುದು ಎಂದು ಮೊದಲೇ ಗೋಡೆಗೆ ಬರೆದು ಅಂಟಿಸಿದ್ದರಿಂದ ಮಕ್ಕಳು ಮತ್ತೆ ಮತ್ತೆ ಕ್ರೀಮು ಬಳಿದುಕೊಳ್ಳುವುದು ತಪ್ಪಿತು. ಕೆರೆದು ಕೀವಾಗಿದ್ದ ಮಕ್ಕಳನ್ನು ಮಾತ್ರ ಆಸ್ಪತ್ರೆಗೆ ಕರೆಸಿಕೊಂಡು ಪ್ರತ್ಯೇಕವಾಗಿ ನೋಡಿದೆ. ಆ ಕೀವಿನಲ್ಲಿರಬಹುದಾದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಮೂತ್ರಪಿಂಡದ ಉರಿಯೂತಕ್ಕೂ ದಾರಿಯಾಗಬಲ್ಲದು, ಹೀಗಾಗಿ ಮುಖ ಊದಿದೆಯೇ, ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿಯೇ ಕಳುಹಿಸುತ್ತಿದ್ದೆ.

ಇದೇ ನುಸಿ ಆಸ್ಪತ್ರೆಯ ವಾರ್ಡಿನಲ್ಲಿ ನಡೆದುಕೊಳ್ಳುವ ರೀತಿ ಬೇರೆ. ಹಿಂದೆ ನಾನು ತರಬೇತಿಯಲ್ಲಿದ್ದ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರ ಕೈಕಾಲುಗಳ ದಪ್ಪ ಹೊಪ್ಪಳೆಯನ್ನು ಸೋರಿಯಾಸಿಸ್ ಎಂಬ ಬೇರೆ ಚರ್ಮರೋಗ ಎಂದುಕೊಂಡಿದ್ದರು. ಅವರಿಗೆ ತುರಿಕೆ ಹೆಚ್ಚೇನೂ ಇರಲಿಲ್ಲ. ನರ್ಸುಗಳು, ಆಯಾ, ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಮಗಳು, ಹೀಗೆ ಸುತ್ತಲಿನವರೆಲ್ಲ ಕೆರೆಯತೊಡಗಿದ ಮೇಲೆ ಹೊಪ್ಪಳೆಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ನುಸಿಗಳು ಮುತ್ತಿಕೊಂಡಿದ್ದವು. ಹೊಪ್ಪಳೆಗಟ್ಟುವ ಈ ಬಗೆಯ ಕಜ್ಜಿಯಲ್ಲಿ ನುಸಿಗಳ ಸಂಖ್ಯೆ ಸಾವಿರಗಳಿಂದ ಲಕ್ಷಗಳವರೆಗೆ ಹೋಗುತ್ತದೆ, ಉದುರಿದ ಚರ್ಮದ ಪುಡಿಯಿಂದ, ಹಾಸಿಗೆಯಿಂದಲೂ ಹರಡುತ್ತದೆ. ಅಂಥವರಿಗೆ ಪ್ರತ್ಯೇಕ ಕೋಣೆ, ಮುಟ್ಟುವವರಿಗೆ ಗ್ಲೌಸು ಮತ್ತು ಗೌನು, ದಿನವೂ ಬದಲಿಸುವ ಹಾಸು ಕಡ್ಡಾಯ.

ವಸತಿ ಶಾಲೆಯಲ್ಲಿ ಈಗ ದಸರೆ ಮತ್ತು ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳ ಬೆರಳ ಸಂದು, ಮಣಿಕಟ್ಟುಗಳನ್ನು ಮೊದಲ ವಾರದಲ್ಲೇ ನೋಡುತ್ತೇವೆ. ಕಜ್ಜಿ ಕಂಡ ಮಗುವಿನ ಕೈಯಲ್ಲಿ ಮನೆಯವರೆಲ್ಲರಿಗೂ ಸಾಲುವಷ್ಟು ಕ್ರೀಮು ಕಳುಹಿಸಲು ನೋಡುತ್ತೇವೆ. ದಾಸ್ತಾನು ಕಡಿಮೆಯಿದ್ದಾಗ ಅದು ಸಾಧ್ಯವಾಗುವುದಿಲ್ಲ, ಮುಂದಿನ ರಜೆಯ ನಂತರ ಆ ಮಗುವನ್ನು ಮೊದಲು ಕರೆಯುತ್ತೇವೆ.