ಏರಿಯ ಹಿಂದೆ ಕೆಂಪು ನೀರು ಬಂದಾಗ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಮಾರನೇ ದಿನದಿಂದ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಎಲ್ಲರದೂ ಒಂದೇ ಪ್ರಶ್ನೆ: "ಸಾರ್, ನಮ್ಮ ಡ್ಯಾಂ ಗೇಟ್ ಗಟ್ಟಿ ಇದೆಯಾ?"

ನಮ್ಮ ಡ್ಯಾಂಗೆ ಗೇಟೇ ಇಲ್ಲ. ಕಾಗದದಲ್ಲಿ ಡ್ಯಾಂ, ಊರವರ ಬಾಯಲ್ಲಿ ದೊಡ್ಡಕೆರೆ. 9 ಮೀಟರ್ ಎತ್ತರದ ಮಣ್ಣಿನ ಏರಿ, ತುಂಬಿದ ಮೇಲೆ ಹೆಚ್ಚಿನ ನೀರು ಹೊರಹೋಗೋಕೆ ಒಂದು ಕೋಡಿ, ಬೇಕಾದಾಗ ಕೆಳಗಿಂದ ನೀರು ಬಿಡೋಕೆ ಒಂದು ಹಳೇ ತೂಬು, ಊರಿಗೆ ನೀರು ಎತ್ತುವ ಜಾಕ್‌ವೆಲ್. ಇಷ್ಟೇ. ಇಂಥ ಏರಿ ಕೆಡುವ ದಾರಿಯೇ ಬೇರೆ. ಒಂದೋ ನೀರು ಏರಿಯ ಮೇಲೆ ಹತ್ತಿ ಹರಿಯಬೇಕು, ಇಲ್ಲಾಂದ್ರೆ ಒಳಗೊಳಗೇ ಮಣ್ಣು ತೊಳೆದುಕೊಂಡು ಹೋಗಬೇಕು. ಎರಡನೆಯದು ತಿಂಗಳುಗಟ್ಟಲೆ ನಡೆದರೂ ಯಾರ ಕಣ್ಣಿಗೂ ಬೀಳಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರ್ ಇದ್ದರೆ ಕೆಲವು ಷರತ್ತುಗಳ ಮೇಲೆ. ನಮ್ಮದು 10 ಮೀಟರೂ ಇಲ್ಲ, ಕಾಯ್ದೆಯ ಹೊರಗೆ. ಹಾಗಾಗಿ ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು ತಪಾಸಣೆ ಅಂತ ಕಾನೂನು ಹೇಳುವುದು ನಮಗೆ ಕಡ್ಡಾಯ ಅಲ್ಲ. ಯಾರೂ ಕೇಳಲ್ಲ ಅಂತ ಯಾರೂ ಮಾಡಿಯೂ ಇರಲಿಲ್ಲ. ನಾನೂ ಈ ಕೆರೆಯ ಉಸ್ತುವಾರಿ ಚಾರ್ಜ್ ತಗೊಂಡ ಮೊದಲ ವರ್ಷ ಏರಿ ಮೇಲೆ ಜೀಪಲ್ಲಿ ಹೋಗಿ ಬಂದು ರಿಪೋರ್ಟ್ ಬರೆದವನೇ.

ಈ ಫೋನ್ ಕಾಟ ಶುರುವಾದ ಮೇಲೆ ಕೆಳಗಿಳಿದು ನಡೆದೆ. ಜೊತೆಗೆ ಕೆರೆ ನೋಡಿಕೊಳ್ಳುವ ನೀರುಗಂಟಿ ಅಜ್ಜ. ಏರಿಯ ಹಿಂಬದಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು, ಕುಡುಗೋಲು ಇಲ್ಲದೆ ಕಾಲಿಡೋಕೆ ಆಗದಷ್ಟು. ಸವರಿಸಿದ ಮೇಲೆ ಹೆಗ್ಗಣದ ಬಿಲ, ಏಡಿ ಬಿಲ ಎಲ್ಲ ಕಂಡವು. ಅಜ್ಜ ಬುಡದ ಒಂದು ಕಡೆ ನಿಂತು ಕೋಲಿನಲ್ಲಿ ತೋರಿಸಿದ. "ಇಲ್ಲಿ ಜೊಂಡು ನೋಡಿ ಸಾ. ಬೇಸಿಗೇಲೂ ಹಸಿರಾಗೇ ಇರ್ತದೆ." ಜೊಂಡು ಬಗ್ಗಿಸಿ ನೋಡಿದರೆ ಕೆಳಗೆ ನೀರು ಜಿನುಗ್ತಾ ಇತ್ತು.

ಜಿನುಗಿದ ಕೂಡಲೇ ಗಾಬರಿ ಬೀಳಬೇಕಾಗಿಲ್ಲ. ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಬೆವರುತ್ತೆ. ನೋಡಬೇಕಾದ್ದು ಎರಡೇ: ಎಷ್ಟು ಬರ್ತಿದೆ, ಯಾವ ಬಣ್ಣದಲ್ಲಿ ಬರ್ತಿದೆ. ಸಣ್ಣ ಕಾಲುವೆ ತೋಡಿ ಒಂದು ಪೈಪ್ ಕೂರಿಸಿ, 10 ಲೀಟರ್ ಬಕೆಟ್ ಇಟ್ಟು ಮೊಬೈಲಲ್ಲಿ ಸಮಯ ಹಿಡಿದೆ. 52 ಸೆಕೆಂಡಿಗೆ ತುಂಬಿತು. ಪಕ್ಕದಲ್ಲಿ ಅವತ್ತಿನ ಕೆರೆ ಮಟ್ಟ ಬರೆದುಕೊಂಡೆ, ಯಾಕಂದ್ರೆ ಕೆರೆ ಏರಿದರೆ ಜಿನುಗೂ ಏರುತ್ತೆ. ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ತುಂಬಿದರೆ ಮಾತ್ರ ಯೋಚನೆ. ಒಂದು ಗಾಜಿನ ಬಾಟಲಿಯಲ್ಲೂ ನೀರು ಹಿಡಿದು ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟೆ. ಬೆಳಿಗ್ಗೆ ತಳ ಸ್ವಚ್ಛ. ಸರಿ ಅಂದುಕೊಂಡೆ.

ಅಕ್ಟೋಬರಿನಲ್ಲಿ ಕೆರೆ ತುಂಬಿತು. ಬಾಗಿನದ ದಿನ ಊರೆಲ್ಲ ನೀರಿನ ಕಡೆ ಮುಖ ಮಾಡಿ ನಿಂತಿದ್ದರೆ ನಾನು ಅವರ ಬೆನ್ನ ಹಿಂದೆ, ಏರಿಯ ಬುಡದಲ್ಲಿ ಬಕೆಟ್ ಹಿಡಿದು ನಿಂತಿದ್ದೆ. 33 ಸೆಕೆಂಡ್. ನೀರು ಕೆಂಪು ಕೆಂಪು. ಮಳೆಯದ್ದಿರಬಹುದು ಅಂತ ಎರಡು ದಿನ ಬಿಸಿಲು ಕಾದೆ, ಆದರೂ ಕೆಂಪೇ. ಬಾಟಲಿ ತಳದಲ್ಲಿ ಬೆರಳು ದಪ್ಪ ಮಣ್ಣು ಕೂತಿತ್ತು. ಅಂದರೆ ಏರಿಯೊಳಗಿನ ಮಣ್ಣು ದಿನಾ ಹೊರಗೆ ಬರ್ತಾ ಇದೆ. ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ, ಸುಳ್ಳು ಯಾಕೆ ಹೇಳಲಿ.

ಊರಿನ ಹಿರಿಯರು ಬಂದು ಜೇಡಿಮಣ್ಣು ತುಂಬಿ ಬಿಗಿಯಾಗಿ ಮುಚ್ಚಿ ಅಂದರು. ಇದೇ ದೊಡ್ಡ ತಪ್ಪು. ಹೊರಗಿನ ಬಾಯಿ ಮುಚ್ಚಿದರೆ ನೀರು ನಿಲ್ಲಲ್ಲ, ಒಳಗೆ ಒತ್ತಡ ಏರಿಸಿಕೊಂಡು ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತೆ. ನೀರು ಬರಲಿ, ಮಣ್ಣು ಬರಬಾರದು. ಅದಕ್ಕೆ ಜಿನುಗುವ ಬಾಯಿಯ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಭಾರಕ್ಕೆ ಸೈಜುಗಲ್ಲು. ಮೊದಲ ಲೋಡ್ ಎಂ ಸ್ಯಾಂಡ್ ಬರೀ ಧೂಳಾಗಿತ್ತು, ವಾಪಸ್ ಕಳಿಸಿ ತೊಳೆದ ಮರಳು ತರಿಸಿದೆ. ಧೂಳು ಇದ್ದರೆ ಆ ಮರಳೇ ಮುಚ್ಚಳ ಆಗಿಬಿಡುತ್ತೆ.

ಅದರ ಜೊತೆಗೆ ಕೆರೆ ಮಟ್ಟವನ್ನೂ ಇಳಿಸಬೇಕಿತ್ತು. ತೂಬು ತಿರುಗಿಸಿ ಎಷ್ಟು ವರ್ಷ ಆಗಿತ್ತೋ ಯಾರಿಗೂ ನೆನಪಿಲ್ಲ. ತೂಬು ಎತ್ತುವ ರಾಡ್, ಅಂದರೆ ಸ್ಪಿಂಡಲ್, ತುಕ್ಕು ಹಿಡಿದು ಕಲ್ಲಾಗಿತ್ತು. ಜೋರು ಮಾಡಿದರೆ ರಾಡ್ ಬಗ್ಗುತ್ತೆ ಅಂತ ಹೆದರಿ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆವು. ಮರುದಿನ ನಾಲ್ಕು ಜನ ಸೇರಿ ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿ ಮಧ್ಯಾಹ್ನದ ಹೊತ್ತಿಗೆ ಆರು ಇಂಚು ಎತ್ತಿದೆವು. ತುಂಬಿದ ಕೆರೆಯಿಂದ ಕುಡಿಯೋ ನೀರು ಹಳ್ಳಕ್ಕೆ ಬಿಡ್ತಾ ಇದ್ದೀರಲ್ಲ ಅಂತ ಊರವರು ಬಾಯಿಗೆ ಬಂದಂಗೆ ಬೈದರು. ಬಾಟಲಿ ತೋರಿಸಿದೆ. ಕೆಲವರಿಗೆ ಅರ್ಥ ಆಯ್ತು, ಕೆಲವರು ಇವತ್ತಿಗೂ ಮಾತಾಡಿಸಲ್ಲ.

ಒಂಬತ್ತನೇ ದಿನ ನೀರು ತಿಳಿಯಾಯ್ತು. ಬೇಸಿಗೆಯಲ್ಲಿ ಜಾಲಿ ಬೇರುಸಮೇತ ತೆಗೆಸಿ, ಗುಂಡಿಗಳಿಗೆ ಪದರ ಪದರ ಮಣ್ಣು ಹಾಕಿ ದಮ್ಮಸ್ಸು ಮಾಡಿಸಿದೆ. ತೂಬನ್ನು ಈಗ ತಿಂಗಳಿಗೊಮ್ಮೆ ಸುಮ್ನೆ ಎತ್ತಿ ಇಳಿಸ್ತೀವಿ, ಗ್ರೀಸ್ ಹಚ್ತೀವಿ. ಬಕೆಟ್ ಲೆಕ್ಕ ಅಜ್ಜನ ಮೊಮ್ಮಗಳು ನೋಟ್‌ಬುಕ್ಕಲ್ಲಿ ಬರೀತಾಳೆ, ನನ್ನ ಅಕ್ಷರಕ್ಕಿಂತ ಚೆನ್ನಾಗಿದೆ.

ಬಗೆಹರಿಯದೇ ಉಳಿದಿರೋದು ಕೋಡಿ. ಮೀನು ಹಿಡಿಯೋರು ಮರಿ ಹೋಗದಿರಲಿ ಅಂತ ಅಡ್ಡ ಬಲೆ ಕಟ್ತಾರೆ. ಅದಕ್ಕೆ ಕಸ ಸಿಕ್ಕಿಕೊಂಡು ನೀರು ಮೇಲೇರುತ್ತೆ. ಕಳೆದ ಸಲ ತೆಗೆಸಿದ್ದೆ. ಮೊನ್ನೆ ಹೋದಾಗ ಮತ್ತೆ ಹೊಸ ಬಲೆ, ಈ ಸಲ ಕಬ್ಬಿಣದ ಗೂಟ ಹೊಡೆದು ಕಟ್ಟಿದ್ದಾರೆ. ನಾಳೆ ಕಟ್ಟರ್ ತಗೊಂಡು ಹೋಗಬೇಕು.