ಬಿಸಿಎಲ್-2 ಬ್ಲಾಟ್: 26ರ ಹತ್ತಿರ ಕಂಡದ್ದೆಲ್ಲ ಬಿಸಿಎಲ್-2 ಅಲ್ಲ

ಬ್ಲಾಟ್ (ವೆಸ್ಟರ್ನ್ ಬ್ಲಾಟ್) ಎಂದರೆ ಕೋಶದ ಪ್ರೊಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಿ, ಬೇಕಾದದ್ದನ್ನು ಅದಕ್ಕೆ ಅಂಟುವ ಆ್ಯಂಟಿಬಾಡಿಯಿಂದ ಗುರುತಿಸಿ ಬ್ಯಾಂಡ್ (ಗೆರೆ) ಆಗಿ ನೋಡುವುದು. ಇಲ್ಲಿ ಹುಡುಕುವ ಬಿಸಿಎಲ್-2 ಸಣ್ಣ ಪ್ರೊಟೀನು. 239 ಅಮೈನೊ ಆಮ್ಲ, ಜೆಲ್‌ನಲ್ಲಿ 26 ಕಿಲೋಡಾಲ್ಟನ್ (ಪ್ರೊಟೀನಿನ ತೂಕದ ಅಳತೆ, ಮುಂದೆ ಬರಿ ಅಂಕಿ) ಆಸುಪಾಸು. ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ಬಾಲ ನೆಟ್ಟು ಕೂತಿರುತ್ತದೆ. ಬ್ಯಾಕ್ಸ್, ಬ್ಯಾಕ್ ಎಂಬ ಪ್ರೊಟೀನುಗಳು ಆ ಪೊರೆಗೆ ತೂತು ಕೊರೆಯದಂತೆ ತಡೆದು ಕೋಶವನ್ನು ಸಾವಿನಿಂದ ಉಳಿಸುತ್ತದೆ. ಪೊರೆಗೆ ಅಂಟಿದ್ದು ಎಂಬುದನ್ನು ಕೋಶ ಒಡೆಯುವಾಗಲೇ ನೆನಪಿಡಬೇಕು. ಡಿಟರ್ಜೆಂಟ್ ಇಲ್ಲದ ಬಫರ್ ಹಾಕಿದರೆ ಬಿಸಿಎಲ್-2 ತಳದ ಗಸಿಯಲ್ಲೇ ಉಳಿಯುತ್ತದೆ. ನಾವು ಮೇಲಿನ ತಿಳಿಯನ್ನು ಓಡಿಸಿ ಆ್ಯಂಟಿಬಾಡಿಯನ್ನು ಬಯ್ಯುತ್ತೇವೆ. ನಾನು ಬಳಸುವುದು 0.1% ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇರುವ, ಕೋಶ ಒಡೆಯುವ ರಿಪಾ ಬಫರ್. ಐಸ್ ಮೇಲೆ 30 ನಿಮಿಷ, ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿ, 15 ನಿಮಿಷ. ಜೆಲ್‌ನ ಪ್ರತಿ ಲೇನಿಗೆ (ಸಾಲಿಗೆ) 30 ಮೈಕ್ರೊಗ್ರಾಂ ಪ್ರೊಟೀನು.

ಜೆಲ್ 12%. ಕಲಬುರಗಿಯ ಏಪ್ರಿಲ್‌ನಲ್ಲಿ ಅಕ್ರಿಲಮೈಡ್ ಸುರಿಯುವ ಮೊದಲೇ ಬೀಕರಿನಲ್ಲಿ ಗಟ್ಟಿಯಾಗುತ್ತದೆ. 10 ಮಿಲಿ ಜೆಲ್‌ಗೆ 100 ಮೈಕ್ರೊಲೀಟರ್ ಬದಲು 60 ಮೈಕ್ರೊಲೀಟರ್ 10% ಎಪಿಎಸ್ (ಜೆಲ್ ಗಟ್ಟಿಯಾಗಿಸುವ ರಾಸಾಯನಿಕ) ಹಾಕುತ್ತೇನೆ, ದ್ರಾವಣವನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಬೆರೆಸುತ್ತೇನೆ. ಪ್ರೋಟೊಕಾಲ್‌ನ 'ಕೋಣೆಯ ಉಷ್ಣಾಂಶ' ಎಂದರೆ 20–25 ಡಿಗ್ರಿ. ನಮ್ಮ ಕೋಣೆ ಅಲ್ಲ. ಎಸಿ ಇಲ್ಲದ ದಿನ ಬ್ಲಾಕಿಂಗ್ (ಆ್ಯಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಮೆಂಬ್ರೇನ್‌ನ ಖಾಲಿ ಜಾಗ ಮುಚ್ಚುವುದು) ಸಹ 4 ಡಿಗ್ರಿಯಲ್ಲೇ ಮಾಡುವುದು ಒಳ್ಳೆಯದು.

ಮೆಂಬ್ರೇನ್ 0.2 ಮೈಕ್ರಾನ್ ರಂಧ್ರಗಳ ಪಿವಿಡಿಎಫ್ (ಒಂದು ಬಗೆಯ ಪ್ಲಾಸ್ಟಿಕ್), 0.45ರದರಲ್ಲಿ ಸಣ್ಣ ಪ್ರೊಟೀನು ಹಾಯ್ದು ಆಚೆ ಹೋಗಬಹುದು. ವರ್ಗಾವಣೆ 100 ವೋಲ್ಟ್, ಒಂದು ಗಂಟೆ, ಐಸ್ ಬ್ಲಾಕ್ ಸಮೇತ. ಬ್ಲಾಕಿಂಗ್‌ಗೆ 5% ಕೆನೆರಹಿತ ಹಾಲುಪುಡಿ. ಚಹಾಕ್ಕೆ ಹಾಕುವ ಸಕ್ಕರೆ ಬೆರೆತ ಪುಡಿ ನಡೆಯದು. ಆ್ಯಂಟಿಬಾಡಿ 1:1000, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಮರುಬಳಕೆಗಾಗಿ ಅದರಲ್ಲಿ 0.02% ಅಜೈಡ್ ಹಾಕಿದ್ದರೆ ತೊಳೆಯುವುದರಲ್ಲಿ ಜಿಪುಣತನ ಬೇಡ: ಅಜೈಡ್ ಎಚ್‌ಆರ್‌ಪಿಯನ್ನು (ಮೊದಲ ಆ್ಯಂಟಿಬಾಡಿಯನ್ನು ಹಿಡಿಯುವ ಸೆಕೆಂಡರಿ ಆ್ಯಂಟಿಬಾಡಿಗೆ ಕಟ್ಟಿದ, ಬ್ಯಾಂಡ್ ಬೆಳಗಿಸುವ ಕಿಣ್ವ) ಕೊಲ್ಲುತ್ತದೆ, ಬ್ಲಾಟ್ ಖಾಲಿ ಬರುತ್ತದೆ.

ಈಗ ಮುಖ್ಯ ವಿಷಯ. ಕ್ಲೋನ್ 124 ಎಂಬ ಹೆಸರಾಂತ ಮೌಸ್ (ಇಲಿಯ) ಆ್ಯಂಟಿಬಾಡಿಯನ್ನು ಮನುಷ್ಯರ ಬಿಸಿಎಲ್-2ರ 41ರಿಂದ 54ನೇ ಅಮೈನೊ ಆಮ್ಲಗಳ ಪೆಪ್ಟೈಡ್ ಕೊಟ್ಟು ಬೆಳೆಸಿದ್ದು. ಅದನ್ನು ಇಲಿಯ ಯಕೃತ್ತಿಗೆ ಹಾಕಬೇಡಿ. ಹಾಕಿದರೂ ಏನೋ ಒಂದು ಬ್ಯಾಂಡ್ ಬರುತ್ತದೆ, ಮೋಸ ಇರುವುದೇ ಅಲ್ಲಿ! ಅಂಗಾಂಶದಲ್ಲಿ ಉಳಿದ ರಕ್ತದ ಐಜಿಜಿಯ (ಇಲಿಯದೇ ಆ್ಯಂಟಿಬಾಡಿಯ) ಲೈಟ್ ಚೈನ್ ಎಂಬ ಸಣ್ಣ ಭಾಗ ಓಡುವುದು 25ರ ಹತ್ತಿರ. ಆ್ಯಂಟಿ-ಮೌಸ್ ಸೆಕೆಂಡರಿ ಅದನ್ನೇ ಹಿಡಿದು ಬೆಳಗಿಸುತ್ತದೆ. ಇಮ್ಯುನೊಪ್ರೆಸಿಪಿಟೇಷನ್ (ಆ್ಯಂಟಿಬಾಡಿಯಿಂದ ಪ್ರೊಟೀನನ್ನು ಹಿಡಿದು ಹೊರತೆಗೆಯುವುದು) ಮಾಡಿದಾಗಲೂ ಇದೇ ಕಥೆ. ಆದ್ದರಿಂದ ಪ್ರತಿ ಹೊಸ ಸ್ಯಾಂಪಲ್‌ಗೆ ಒಂದು ಲೇನ್ ಕತ್ತರಿಸಿ ಬರಿ ಸೆಕೆಂಡರಿ ಹಾಕಿ ನೋಡುತ್ತೇನೆ. ಅಲ್ಲೂ ಬ್ಯಾಂಡ್ ಇದ್ದರೆ ಆ ಬ್ಲಾಟ್ ಕಸದ ಬುಟ್ಟಿಗೆ. ಇಲಿಗೆ ಹೊಂದುವುದೆಂದು ತಯಾರಕರು ತೋರಿಸಿದ ಮೊಲದ ಆ್ಯಂಟಿಬಾಡಿ ತರಿಸುವುದೇ ದಾರಿ. ಮನುಷ್ಯ ಕೋಶಗಳಿಗೆ ಜುರ್ಕಾಟ್ (ಮನುಷ್ಯರ ಟಿ-ಕೋಶಗಳ ತಳಿ) ಲೈಸೇಟ್, ಅಂದರೆ ಒಡೆದ ಕೋಶಗಳ ದ್ರಾವಣ, ಪಾಸಿಟಿವ್ ಕಂಟ್ರೋಲ್ (ಬ್ಯಾಂಡ್ ಬರಲೇಬೇಕಾದ ಸ್ಯಾಂಪಲ್). ಸಣ್ಣ ಸಣ್ಣ ಪಾಲು ಮಾಡಿ −80ರಲ್ಲಿ ಇಟ್ಟಿರುತ್ತೇನೆ.

ಬ್ಯಾಂಡ್ ಎರಡಾದರೆ ಗಾಬರಿ ಬೇಡ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಮದ್ದು ಕೊಟ್ಟ ಕೋಶಗಳಲ್ಲಿ ಫಾಸ್ಫೇಟ್ ಅಂಟಿದ ಬಿಸಿಎಲ್-2 ತುಸು ಮೇಲೆ ನಿಲ್ಲುತ್ತದೆ. ಸಾಯುತ್ತಿರುವ ಕೋಶಗಳಲ್ಲಿ ಕ್ಯಾಸ್ಪೇಸ್ ಎಂಬ ಕಿಣ್ವ 34ನೇ ಅಮೈನೊ ಆಮ್ಲವಾದ ಆಸ್ಪಾರ್ಟೇಟ್ ಬಳಿ ಕತ್ತರಿಸುವುದರಿಂದ 23ರ ಹತ್ತಿರ ತುಂಡು ಕಾಣಬಹುದು. ಲೇನುಗಳಲ್ಲಿ ಸಮ ಪ್ರೊಟೀನು ಇದೆಯೇ ಎಂದು ತಿಳಿಸುವ ಆ್ಯಕ್ಟಿನ್ ನೋಡಲು ಸ್ಟ್ರಿಪ್ಪಿಂಗ್ (ಮೊದಲ ಆ್ಯಂಟಿಬಾಡಿ ಕಿತ್ತು ತೆಗೆಯುವುದು) ಬೇಕಿಲ್ಲ. ಅದು 42ರಲ್ಲಿದೆ, ಬ್ಲಾಕಿಂಗ್ ಆದ ಮೇಲೆ ಮೆಂಬ್ರೇನನ್ನು 35ರ ಗೆರೆಗೆ ಬ್ಲೇಡಿನಿಂದ ಎರಡು ಮಾಡಿ, ಮೇಲಿನ ತುಂಡಿನ ಮೂಲೆ ಕತ್ತರಿಸಿ ಗುರುತು ಮಾಡಿಕೊಳ್ಳಿ.